ಮುತ್ತಜ್ಜಿಯ ಹೆಸರು ಎಲ್ಲಿದೆ?

ವಿದ್ಯಾರ್ಥಿಗಳೇ, ನಿಮ್ಮ ಮುತ್ತಜ್ಜನ ಹೆಸರೇನೆಂದು ಮನೆಯಲ್ಲಿ ಕೇಳಿದರೆ ಉತ್ತರವು ಕೂಡಲೇ ದೊರೆಯುವುದು. ಅವರ ಕೈಹಿಡಿದಾಕೆಯ ಹೆಸರೇನೆಂದು ಕೇಳಿ ನೋಡಿರಿ. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡುವರು. ಹೆಚ್ಚೆಂದರೆ ಆಕೆಯ ತವರೂರಿನ ಹೆಸರು ಉಳಿದಿರುತ್ತದೆ.

ವಿವಾಹದ ದಾಖಲೆಯನ್ನು ತೆಗೆಸಿದರಾಯಿತಲ್ಲವೇ ಎನ್ನಬಹುದು. ಕ್ರೈಸ್ತರಿಗೆ ಅದು ಸುಲಭ. ಇಗರ್ಜಿಯ ಮದುವೆ ಪುಸ್ತಕದಲ್ಲಿ ವಧೂವರರ ಮತ್ತು ಸಾಕ್ಷಿಗಳ ಹೆಸರುಗಳಿರುತ್ತವೆ. ಕಥೋಲಿಕರಲ್ಲಿ 1908ರಿಂದೀಚೆಗೆ ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿಯೂ ಮುಂದೆ ನಡೆದ ಮದುವೆಯನ್ನು ಗುರುತಿಸುವ ಕ್ರಮವುಂಟು. ಹಿಂದೂಗಳ ಮಾತು ಬೇರೆ. ಧಾರೆಯೆರೆದು ನಡೆದ ಮದುವೆಯನ್ನು ಸರಕಾರದ ಪುಸ್ತಕಕ್ಕೆ ಏರಿಸಲೇಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ಕೇರಳದಲ್ಲಿ ಎಲ್ಲ ಮತದವರ ಮದುವೆಗಳಿಗೂ ನೊಂದಾವಣೆ ಕಡ್ಡಾಯವಾದುದು 2008ರ ನಿಯಮಗಳಿಂದ. ಹಳೆಯ ಪೆಟ್ಟಿಗೆಯಲ್ಲಿ ಲಗ್ನಪತ್ರಿಕೆ ಉಳಿದಿದ್ದರೆ ಅದು ಭಾಗ್ಯವೇ ಸರಿ. ಆದರೆ ಅದರಲ್ಲಿ ರಾಕ್ಷಸ ಸಂವತ್ಸರವೆಂದಷ್ಟೇ ಇದ್ದರೆ 1915–16 ಆಗಬಹುದು, 1975–76 ಕೂಡ ಆಗಬಹುದು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತವೆ.

ಆದಕಾರಣ ಮದುವೆಯನ್ನು ಹುಡುಕುವವರು ಭೂಮಿಯ ಕಾಗದಗಳನ್ನು ಹಿಡಿದು ಹೋಗಬೇಕು. ಗಂಡನು ತೀರಿಕೊಂಡು ಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ, ಅಡವು ಪತ್ರಕ್ಕಾಗಲಿ ಕ್ರಯಪತ್ರಕ್ಕಾಗಲಿ ಮಕ್ಕಳ ಪರವಾಗಿ ತಾಯಿಯೇ ಒಪ್ಪ ಹಾಕುತ್ತಿದ್ದಳು. ಅಲ್ಲಿ ಆಕೆಯ ಹೆಸರು, ಇಂಥವರ ಹೆಂಡತಿಯೆಂಬ ವಿವರ, ಹೆಬ್ಬೆರಳಿನ ಗುರುತು ಒಟ್ಟಿಗೆ ದೊರೆಯುತ್ತವೆ. ಮೈಸೂರು ಸೀಮೆಯ ಕಾಗದಗಳಲ್ಲಾದರೆ ‘ಕೋಂ’ ಎಂಬ ಒಂದಕ್ಷರವೇ ‘ಹೆಂಡತಿ’ ಎಂದು ಹೇಳುತ್ತದೆ. ಹೆಣ್ಣಿನ ಹೆಸರು ಕಾಗದಕ್ಕೆ ಬರಬೇಕಾದರೆ ಮನೆಗೆ ಕಷ್ಟ ಬರಬೇಕಾಗಿತ್ತೆಂಬುದು ನೋವಿನ ಮಾತು.

ಅಳಿಯಸಂತಾನದ ಮನೆಗಳಲ್ಲಿ ಈ ಕಥೆ ತಲೆಕೆಳಗು. ಅಲ್ಲಿ ಆಸ್ತಿ ತಾಯಿಯಿಂದ ಮಗಳ ಕಡೆಗೆ ಹರಿಯುತ್ತಿದ್ದುದರಿಂದ ವಿಭಾಗಪತ್ರಗಳಲ್ಲಿ ಹೆಂಗಸರ ಹೆಸರುಗಳು ಕವರು ಕವರಾಗಿ ತುಂಬಿರುತ್ತವೆ, ಕಾಣೆಯಾಗುವವನು ಗಂಡ! ಆತನು ತನ್ನ ತಾಯಿಯ ಕುಟುಂಬದ ಕಾಗದದಲ್ಲಿರುತ್ತಾನೆ. ಆತನು ಸ್ವಂತ ಗಳಿಕೆಯ ಜಾಗವನ್ನು ಹೆಂಡತಿಮಕ್ಕಳಿಗೆ ಬರೆದುಕೊಟ್ಟ ದಾನಪತ್ರವಿದೆಯೇ ಎಂದು ನೋಡಬೇಕು. ಹಾಗೆ ಬರೆದಿಡದಿದ್ದರೆ ಅದು ಸೋದರಿಯ ಮಕ್ಕಳ ಪಾಲಾಗುವ ಭಯವಿದ್ದುದರಿಂದಲೇ ಅಂತಹ ಪತ್ರಗಳು ಹುಟ್ಟಿದವು.

ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳ ನಕಲು ‘1ನೆಯ ಪುಸ್ತಕ’ದಲ್ಲಿರುತ್ತದೆ. ಅದಕ್ಕೆ ಎರಡು ಸೂಚಿಗಳು: ಒಂದು ವ್ಯಕ್ತಿಗಳ ಹೆಸರಿನಿಂದ, ಇನ್ನೊಂದು ಆಸ್ತಿಯ ವಿವರದಿಂದ. ಮುತ್ತಜ್ಜಿಯ ಹೆಸರೇ ತಿಳಿಯದವರಿಗೆ ಎರಡನೆಯದೇ ಗತಿ. ಗ್ರಾಮ, ಸರ್ವೆ ನಂಬ್ರಗಳನ್ನು ಮನೆಯಲ್ಲೇ ಗುರುತುಮಾಡಿಕೊಂಡು ಹೋಗಿರಿ. ಶುಲ್ಕ ಕೊಟ್ಟರೆ ದೃಢೀಕೃತ ನಕಲು ಸಿಗುತ್ತದೆ.

ನಮ್ಮ ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಇಲ್ಲಿನ ಹಳೆಯ ಪತ್ರಗಳು ಬಹಳಷ್ಟು ಕನ್ನಡದವು. ಪದಗಳ ನಡುವೆ ಎಡೆಯಿಲ್ಲದ ಆ ಕೂಡುಬರಹವನ್ನು ಇಂದು ಕಚೇರಿಯಲ್ಲಿ ಓದಿಹೇಳುವವರು ಸಿಕ್ಕುವರೆಂಬ ಭರವಸೆಯಿಲ್ಲ. ಕನ್ನಡ ಕಲಿತ ನೀವೇ ಬೆರಳಿಟ್ಟು ಓದಬೇಕಾದೀತು.

ಒಂದು ಎಚ್ಚರಿಕೆ. ಹೆಂಡತಿ ತೀರಿಕೊಂಡರೆ ಮರುಮದುವೆ ಅಂದು ಸಾಮಾನ್ಯ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದೂ ಅಷ್ಟೇ ಸಾಮಾನ್ಯ. ಪತ್ರದಲ್ಲಿ ಕಂಡ ಹೆಂಡತಿಯು ನಿಮ್ಮ ಅಜ್ಜನನ್ನು ಹೆತ್ತವಳೇ ಎಂಬುದನ್ನು ಮಕ್ಕಳ ಪ್ರಾಯ ಬರೆದಿರುವ ಇನ್ನೊಂದು ಪತ್ರದೊಡನೆ ತಾಳೆನೋಡಿ, ಆಮೇಲೆ ವಂಶವೃಕ್ಷದಲ್ಲಿ ಬರೆಯಿರಿ.