ಕೊಂಡ ಕೂದಲಿನ ಲೆಕ್ಕ

ಲಗ್ನದ ಮನೆಯಲ್ಲಿ ವಸ್ತ್ರಕ್ಕೂ ಒಡವೆಗೂ ಮುಂಚಿತವಾಗಿಯೇ ಲೆಕ್ಕ ಹಾಕಿ ಹಣವನ್ನು ತೆಗೆದಿಡುವ ವಾಡಿಕೆಯುಂಟು. ಜಡೆಯ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುತ್ತಿರಲಿಲ್ಲ. ಗಿಡ್ಡ ಜಡೆಗೊಂದು ಚೌರಿ, ಅದರ ತುದಿಗೊಂದು ಕುಚ್ಚು, ಮೇಲೆ ಮೊಗ್ಗಿನ ದಂಡೆ. ಅಷ್ಟಕ್ಕೆ ಶೃಂಗಾರವು ಪೂರ್ಣವಾಗುತ್ತಿದ್ದಿತು. ಈಗ ಸ್ವಂತ ಕೂದಲಿಗೆ ಪರರ ಕೂದಲನ್ನು ಅಂಟಿಸಿಯೋ ಹೊಲಿದೋ ಉದ್ದಮಾಡುವ ಪದ್ಧತಿಯು ಬಂದಿದೆ. ಇದಕ್ಕೆ ‘ಹೇರ್ ಎಕ್ಸ್‌ಟೆನ್ಶನ್’ ಎಂದು ಹೆಸರು. ಕಲಬುರಗಿಗೆ ಹೊಂದಿದ ಕೋಟನೂರಿನ ಗೃಹಸ್ಥನೂ ಮಗಳ ಲಗ್ನದ ಯಾದಿಯಲ್ಲಿ ಈ ಬಾಬನ್ನು ಸೇರಿಸಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಆದರೆ ಒಂದೆಡೆ ನೂರುಗಳಲ್ಲಿ ಹೇಳುವ ಬೆಲೆಯನ್ನು ಮತ್ತೊಂದೆಡೆ ಸಾವಿರಗಳಲ್ಲಿ ಹೇಳುವರು. ಈ ಅಂತರದ ಕಾರಣವನ್ನು ತಿಳಿಯದೆ ಹಣ ಕೊಡುವುದು ಜಾಣತನವಲ್ಲ.

ಮೊದಲನೆಯ ಕಾರಣವು ಕಾಲ. ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುತ್ತದೆ. 18 ಅಂಗುಲದ ಎಳೆಯೆಂದರೆ ಯಾವಳೋ ಒಬ್ಬ ಹೆಣ್ಣುಮಗಳ ಮೂರು ವರ್ಷಗಳ ಬೆಳೆ. 24 ಅಂಗುಲದ್ದು ನಾಲ್ಕು ವರ್ಷಗಳದು. ಅಷ್ಟು ಉದ್ದ ಬೆಳೆಸುವವರು ವಿರಳರಾದುದರಿಂದ ಉದ್ದವು ಹೆಚ್ಚಿದಂತೆ ಬೆಲೆಯು ಬಲು ಬೇಗನೆ ಏರುತ್ತದೆ.

ಎರಡನೆಯದು ಕೂದಲಿನ ಜಾತಿ. ತಿರುಮಲೆಯಲ್ಲಿ ಭಕ್ತರು ಅರ್ಪಿಸಿದ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುವುದು ಎಲ್ಲರಿಗೂ ತಿಳಿದುದೇ. ಹೀಗೆ ಒಂದೇ ತಲೆಯಿಂದ ತೆಗೆದು, ಬುಡ ಒಂದು ಕಡೆಗೂ ತುದಿ ಮತ್ತೊಂದು ಕಡೆಗೂ ಇರುವಂತೆ ಕಟ್ಟಿದ ಕೂದಲಿಗೆ ವ್ಯಾಪಾರದಲ್ಲಿ ‘ರೆಮಿ’ ಎನ್ನುವರು. ಇದು ಸಿಕ್ಕುಗಟ್ಟುವುದು ಕಡಿಮೆ, ಬೆಲೆ ಹೆಚ್ಚು. ಇನ್ನೊಂದು ಜಾತಿಯು ನಮ್ಮ ಮನೆಗಳಿಂದಲೇ ಹೋಗುವುದು. ಹಣಿಗೆಯಲ್ಲಿ ಉಳಿದ ಕೂದಲನ್ನು ಉಂಡೆಮಾಡಿ ಇಟ್ಟು, ಓಣಿಗೆ ಬಂದವನಿಗೆ ಕೊಟ್ಟು, ಪಿನ್ನನ್ನೋ ಸಣ್ಣ ಪಾತ್ರೆಯನ್ನೋ ಪಡೆಯುವವರುಂಟಷ್ಟೆ. ಆ ಉಂಡೆಗಳು ಮುಂದೆ ಎಲ್ಲಿಗೆ ಹೋಗುತ್ತವೆ?

ಅದನ್ನರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ, ಕೊಪ್ಪಳಕ್ಕೆ ಹೊಂದಿದ ಭಾಗ್ಯನಗರವು ಈ ಉದ್ಯೋಗಕ್ಕೆ ಹೆಸರಾದ ಊರು. ಅಲ್ಲಿ ಸ್ತ್ರೀಯರು ಉಂಡೆಗಳ ಸಿಕ್ಕನ್ನು ಎಳೆಎಳೆಯಾಗಿ ಬಿಡಿಸುವರು. ಅನಂತರ ಅದನ್ನು ತೊಳೆದು, ಒಣಗಿಸಿ, ಕಬ್ಬಿಣದ ಮೊನೆಗಳುಳ್ಳ ಹಲಗೆಯ ಮೇಲೆ ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟು ಕಟ್ಟುವರು. ನಾವು ಕಸವೆಂದು ಕೊಟ್ಟುದಕ್ಕೆ ಬೆಲೆ ಬರುವುದು ಈ ಕೈಗಳ ತಾಳ್ಮೆಯಿಂದ. ಸಂಸ್ಕರಿಸದ ಕೂದಲು ಪರದೇಶಕ್ಕೆ ಹೋದರೆ ಈ ಕೆಲಸವೂ ಅದರ ಜೊತೆಗೇ ಹೋಗುವುದು. 2022ರ ಜನವರಿಯಲ್ಲಿ ಕೇಂದ್ರ ಸರಕಾರವು ಅಂಥ ಕೂದಲಿನ ರಫ್ತಿಗೆ ನಿರ್ಬಂಧ ವಿಧಿಸಿತು.

ಉಂಡೆಯ ಕೂದಲಿನಲ್ಲಿ ಬುಡತುದಿಗಳು ಬೆರೆತಿರುವುದರಿಂದ ಅದರ ಮೇಲ್ಪೊರೆಯನ್ನು ಆಮ್ಲದಿಂದ ತೆಗೆದು ಸಿಲಿಕೋನಿನ ಲೇಪ ಕೊಡುವುದುಂಟು. ಅಂಗಡಿಯಲ್ಲಿ ಅದು ರೇಶಿಮೆಯಂತೆ ಹೊಳೆಯುತ್ತದೆ. ಹಲವು ಸಲ ತೊಳೆದ ಮೇಲೆ ಲೇಪ ಹೋಗಿ ಸಿಕ್ಕಾಗುತ್ತದೆ. ಎಲ್ಲಕ್ಕಿಂತ ಅಗ್ಗವಾದುದು ಕೃತಕ ನಾರು. ಪರೀಕ್ಷೆ ಬಹು ಸುಲಭ: ಒಂದೆಳೆಯನ್ನು ಸುಟ್ಟರೆ ನಿಜವಾದ ಕೂದಲು ಬೂದಿಯಾಗುವುದು, ನಾರು ಕರಗಿ ಗಟ್ಟಿ ಮಣಿಯಾಗುವುದು.

ಮೂರನೆಯದು ಜೋಡಿಸುವ ಕೂಲಿ. ಗೃಹಸ್ಥರು ಮರೆಯುವುದು ಇದನ್ನೇ. ಪಟ್ಟಿಯಿಂದ ಅಂಟಿಸಿದುದನ್ನೂ ಹೊಲಿದುದನ್ನೂ, ಸ್ವಂತ ಕೂದಲು ಬೆಳೆದು ಜೋಡಣೆಯು ಕೆಳಗಿಳಿಯುವುದರಿಂದ, ಆರೆಂಟು ವಾರಗಳಿಗೊಮ್ಮೆ ಬಿಚ್ಚಿ ಮತ್ತೆ ಕೂಡಿಸಬೇಕು. ಲೆಕ್ಕದ ರೀತಿಯನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಿರಿ. ಕೂದಲಿಗೆ 12,000, ಕೂಲಿಗೆ 4,000. ಒಟ್ಟು 16,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ತಿಂಗಳಿಗೊಮ್ಮೆ ಮರುಜೋಡಣೆಗೆ 3,000 ರೂಪಾಯಿಯಾದರೆ ವರ್ಷದಲ್ಲಿ ಐದು ಸಲಕ್ಕೆ 15,000. ಹದಿನಾರು ಸಾವಿರದ್ದೆಂದು ಒಪ್ಪಿದ ಖರ್ಚು ವರ್ಷಾಂತ್ಯಕ್ಕೆ 31,000 ಆಯಿತು! ಅದೇ ಕೂದಲನ್ನು ಕ್ಲಿಪ್ಪಿನಿಂದ ಸಿಕ್ಕಿಸಿ ಸಂಜೆಗೆ ತೆಗೆದಿಡುವುದಾದರೆ ಕೂಲಿಯೂ ಇಲ್ಲ, ಮರುಜೋಡಣೆಯೂ ಇಲ್ಲ. ಅಕ್ಕತಂಗಿಯರು ಸರದಿಯಿಂದ ತೊಡಲೂಬಹುದು. ನಾಲ್ಕು ದಿನಗಳ ಸಮಾರಂಭಕ್ಕೆ ಇದೇ ಸಾಕಾಗುವುದು.

ಹೀಗಾಗಿ ಒಪ್ಪುವ ಮುನ್ನ ನಾಲ್ಕು ಸಂಗತಿಗಳನ್ನು ಕೇಳತಕ್ಕದ್ದು: ಕೂದಲು ಯಾವ ಜಾತಿಯದು? ತೂಕವೆಷ್ಟು ಗ್ರಾಂ? ಮರುಜೋಡಣೆಯು ಎಷ್ಟು ದಿನಕ್ಕೊಮ್ಮೆ, ಎಷ್ಟು ಹಣಕ್ಕೆ? ತೆಗೆಯುವುದಕ್ಕೆ ಬೇರೆ ಕೂಲಿಯುಂಟೆ? ಉತ್ತರಗಳನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳುವುದು ಉತ್ತಮ.

ಹಣವಲ್ಲದೆ ತೆರಬೇಕಾದ ಬೆಲೆ ಇನ್ನೊಂದುಂಟು. ಬಿಗಿಯಾದ ಜೋಡಣೆಯು ಬಹುಕಾಲ ಬುಡವನ್ನು ಜಗ್ಗಿದರೆ ಸ್ವಂತ ಕೂದಲು ಉದುರುವುದು. ತೀರ ಹಳತಾದರೆ ಮತ್ತೆ ಹುಟ್ಟದಿರಲೂಬಹುದು. ಜೋಡಿಸಿದಲ್ಲಿ ನೋವಾದರೆ ಕೂಡಲೇ ತೆಗೆಯಿಸಬೇಕು. ಕೂದಲು ಉದುರುತ್ತಿರುವುದನ್ನು ಮರೆಮಾಡಲೆಂದೇ ಇದನ್ನು ಬಯಸುವವರು ಮೊದಲು ವೈದ್ಯರನ್ನು ಕಾಣುವುದು ಒಳ್ಳೆಯದು. ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡಿನ ತೊಂದರೆಗಳಿಂದ ಕೂದಲು ಉದುರುವುದುಂಟು, ಅವಕ್ಕೆ ಚಿಕಿತ್ಸೆಯಿದೆ. ಬಾಣಂತಿಯರ ಕೂದಲು ಉದುರಿದರೂ ಸಾಮಾನ್ಯವಾಗಿ ವರ್ಷದೊಳಗೆ ತಾನಾಗಿಯೇ ತುಂಬಿಕೊಳ್ಳುತ್ತದೆ.

ಮಗಳು ಉದ್ದ ಜಡೆಯನ್ನು ಬಯಸಿದರೆ ಗದರಿಸುವುದೇಕೆ? ಅವಳನ್ನೂ ಕೂಡಿಸಿಕೊಂಡು ವರ್ಷದ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ಪರರ ಮೂರು ವರ್ಷಗಳ ಬೆಳೆಗೂ ಭಾಗ್ಯನಗರದ ತಾಯಂದಿರ ದುಡಿಮೆಗೂ ಬೆಲೆ ಕೊಡುವುದು ನ್ಯಾಯವೇ ಸರಿ. ಆದರೆ ಆ ಬೆಲೆಯು ಮನೆಯ ಸಾಲವಾಗಬಾರದು, ಮಗಳ ತಲೆಗೆ ನೋವಾಗಬಾರದು.