ಅಂಕಿತವಿಲ್ಲದ ಮಾತು

ಪ್ರಭುವಿನ ಸ್ವರ್ಗಾರೋಹಣ ಹಬ್ಬವನ್ನು ಆಚರಿಸುವ ಭಾನುವಾರದಂದೇ ಧರ್ಮಸಭೆಯು ವಿಶ್ವ ಸಂಪರ್ಕ ಮಾಧ್ಯಮ ದಿನವನ್ನೂ ಆಚರಿಸುತ್ತದೆ. ಅಂದು ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದಾಗ ನಾವು ನಮ್ಮನ್ನೇ ಒಂದು ಕ್ಷಣ ಗಮನಿಸಿಕೊಳ್ಳೋಣ. ಹಿಂದೆ ನಮ್ಮ ಹಿರಿಯರು ಹೊರಬಂದೊಡನೆ ಒಬ್ಬರನ್ನೊಬ್ಬರು ಮಾತನಾಡಿಸುತ್ತಿದ್ದರು. "ನಿಮ್ಮ ಕಡಿ ಮಳಿ ಆತೇನ್ರಿ? ಗೋವಿನಜೋಳದ ಬೀಜ ತಂದ್ರೇನ್ರಿ?" ಎಂದು ಕೇಳುತ್ತಿದ್ದರು. ಇಂದು ನಮ್ಮ ಕೈ ಮೊದಲು ಹೋಗುವುದು ಕಿಸೆಯಲ್ಲಿರುವ ಮೊಬೈಲಿಗೆ. ಒಂದು ಗಂಟೆಯಲ್ಲಿ ಬಂದು ಬಿದ್ದಿರುವ ಸಂದೇಶಗಳನ್ನು ನೋಡಿ ಮುಗಿಸುವಷ್ಟರಲ್ಲಿ ಪಕ್ಕದ ಊರಿನವರು ಬಸ್ಸು ಹತ್ತಿರುತ್ತಾರೆ.

ಹಾಗೆಂದು ಮೊಬೈಲನ್ನು ಬೈಯುವುದು ನಮ್ಮ ಉದ್ದೇಶವಲ್ಲ. ದುಡಿಯಲು ಗೋವೆಗೋ, ಮಂಗಳೂರಿಗೋ, ಕೊಲ್ಲಿ ದೇಶಗಳಿಗೋ ಹೋದ ಮಗನ ಮುಖವನ್ನು ದಿನವೂ ತಾಯಿಗೆ ತೋರಿಸುವುದು ಅದೇ ಮೊಬೈಲು. ಓದು ಬರಹ ಬಾರದ ಅಜ್ಜಿ ಗುಂಡಿ ಒತ್ತಿ ಹಿಡಿದು ತನ್ನ ದನಿಯನ್ನೇ ಮೊಮ್ಮಗಳಿಗೆ ಕಳುಹಿಸುತ್ತಾಳೆ. ಇದು ಸಣ್ಣ ಸಂಗತಿಯಲ್ಲ. ಹಾಗಿದ್ದರೂ ಈ ಮಾಧ್ಯಮಗಳು ನಮ್ಮ ಮಾತನ್ನೂ ಹಾಡನ್ನೂ ಹೇಗೆ ಬದಲಾಯಿಸುತ್ತಿವೆ ಎಂಬುದನ್ನು ಅರಿತುಕೊಳ್ಳಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಿರೇಕೆರೂರು, ಶಿಗ್ಗಾಂವಿ, ಸವಣೂರು, ಹಾನಗಲ್ಲುಗಳಲ್ಲೇ ಅದಕ್ಕೆ ಪಾಠಗಳಿವೆ.

ಮೂರು ಸಾಲಿನ ಸಂದೇಶ

ಹಿರೇಕೆರೂರು ಸೀಮೆಯ ಅಬಲೂರನ್ನು ಸರ್ವಜ್ಞ ಕವಿಯ ಹೆಸರಿನೊಂದಿಗೆ ನೆನೆಯುತ್ತೇವೆ. ಅವನ ತ್ರಿಪದಿ ಮೂರೇ ಸಾಲು. ಪುಸ್ತಕ ಬೇಕಿಲ್ಲ, ರಾಗ ಬೇಕಿಲ್ಲ. ಕೇಳಿದವರಿಗೆ ಬಾಯಿಪಾಠವಾಗುತ್ತಿತ್ತು, ಸಂತೆಯಿಂದ ಸಂತೆಗೆ ಹೋಗುತ್ತಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಜನರೇ ಹಂಚಿ ಹಬ್ಬಿಸಿದ ಕಿರುಸಂದೇಶ. ಆದರೆ ಅದರಲ್ಲೊಂದು ವಿಶೇಷವಿತ್ತು. ಪ್ರತಿ ವಚನದ ಕೊನೆಗೆ 'ಸರ್ವಜ್ಞ' ಎಂಬ ಅಂಕಿತ. ಈ ಮಾತು ಯಾರದು, ಇದಕ್ಕೆ ಹೊಣೆ ಯಾರು ಎಂದು ಮಾತಿನೊಳಗೇ ಹೇಳುವ ಪದ್ಧತಿ ಅದು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ ಕಾಗಿನೆಲೆಯ ಆದಿಕೇಶವನ ಅಂಕಿತ, ಶಿಶುನಾಳ ಶರೀಫರಿಗೆ ಶಿಶುನಾಳಾಧೀಶನ ಅಂಕಿತ.

ಅಂಕಿತವನ್ನೂ ಕದಿಯಬಹುದು. ಸರ್ವಜ್ಞನ ಹೆಸರು ಜನಪ್ರಿಯವಾದಂತೆ ಯಾರು ಯಾರೋ ಕಟ್ಟಿದ ಪದ್ಯಗಳಿಗೂ ಅದೇ ಹೆಸರು ಸೇರಿಕೊಂಡಿತು. ಅವನ್ನೆಲ್ಲ ಕಲೆಹಾಕಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳ ಸಂಪುಟವನ್ನು ಹೊರತಂದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರು ಬಾಸೆಲ್ ಮಿಷನ್ ಸಭೆಯ ಪಾದ್ರಿಗಳು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಜನ ಹಂಚಿದ ಮಾತನ್ನು ಅವರು ತಿರಸ್ಕರಿಸಲಿಲ್ಲ, ಬಂದದ್ದೆಲ್ಲವನ್ನೂ ಕಣ್ಣುಮುಚ್ಚಿ ನಂಬಲೂ ಇಲ್ಲ. ಪ್ರೀತಿಯಿಂದ ಕೂಡಿಸಿದರು, ತಾಳ್ಮೆಯಿಂದ ಪರಿಶೀಲಿಸಿದರು. ಇಂದು ನಮಗೆ ಬೇಕಾದ ಗುಣ ಇದೇ.

ಬಾಯಿಯಿಂದ ಪರದೆಗೆ

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಮುಸ್ಲಿಂ ಮನೆತನದ ಶಿಷ್ಯ, ಬ್ರಾಹ್ಮಣ ಗುರು ಗೋವಿಂದ ಭಟ್ಟರು. ಕೋಡಗ, ಕೋಳಿ, ಸೋರುವ ಮನೆ ಎಂದು ಹಳ್ಳಿಯ ಸಾಮಾನ್ಯ ವಸ್ತುಗಳಲ್ಲೇ ಅವರು ದೊಡ್ಡ ತತ್ವವನ್ನು ಹೇಳಿದರು. ಅವರ ಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದುಬಂದವು. ಆಮೇಲೆ ಸಿ. ಅಶ್ವಥ್ ಅವರ ಕಂಠದಲ್ಲಿ ಕ್ಯಾಸೆಟ್ಟಿಗೆ ಬಂದವು, 1990ರಲ್ಲಿ ಟಿ.ಎಸ್. ನಾಗಾಭರಣ ಅವರ ಚಲನಚಿತ್ರದಿಂದ ಇನ್ನಷ್ಟು ಮನೆಗಳನ್ನು ಮುಟ್ಟಿದವು. ಈಗ ಯೂಟ್ಯೂಬಿನಲ್ಲಿ ಅವನ್ನು ಅಮೆರಿಕದಲ್ಲಿರುವ ಕನ್ನಡಿಗರೂ ಕೇಳುತ್ತಾರೆ. ಮಾಧ್ಯಮ ಬದಲಾದಾಗಲೆಲ್ಲ ಹಾಡು ಸಾಯಲಿಲ್ಲ, ಹೊಸ ಕಿವಿಗಳನ್ನು ಹುಡುಕಿಕೊಂಡಿತು.

ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಹನುಮಂತ ಲಮಾಣಿ ಅವರ ಕಥೆ ನಮಗೆಲ್ಲ ಗೊತ್ತು. ಕುರಿ ಕಾಯುತ್ತ ಜಾನಪದ ಹಾಡುಗಳನ್ನು ಹಾಡುತ್ತಿದ್ದ ಯುವಕ ದೂರದರ್ಶನ ವಾಹಿನಿಯ ಸರಿಗಮಪ ಸ್ಪರ್ಧೆಗೆ ಬಂದು 2019ರಲ್ಲಿ ಎರಡನೆಯ ಸ್ಥಾನ ಪಡೆದರು. ಅವರ ಹಾಡಿನ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹರಡಿದವು. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಹನ್ನೊಂದನೆಯ ಆವೃತ್ತಿಯಲ್ಲಿ ಅವರೇ ಗೆದ್ದರು. ಅವರು ಬೆಂಗಳೂರಿನ ಮಾತು ಕಲಿತು ಗೆಲ್ಲಲಿಲ್ಲ. ನಮ್ಮ ಸೀಮೆಯ ಮಾತನ್ನೇ ಆಡುತ್ತ, ಲುಂಗಿ ಉಟ್ಟು ನಿಂತು ಜನರ ಮನ ಗೆದ್ದರು. ಒಂದು ಕಾಲದಲ್ಲಿ ಸಿನಿಮಾದಲ್ಲಿ ನಗಿಸಲಿಕ್ಕಷ್ಟೇ ಬಳಕೆಯಾಗುತ್ತಿದ್ದ ಉತ್ತರ ಕರ್ನಾಟಕದ ಮಾತಿಗೆ ಇಂದು ತನ್ನದೇ ಕೇಳುಗರಿದ್ದಾರೆ. ಪಂಚಾಶತ್ತಮ ಹಬ್ಬದಂದು ಜೆರುಸಲೇಮಿನಲ್ಲಿ ಸೇರಿದ್ದವರು ತಮ್ಮ ತಮ್ಮ ಊರಿನ ಭಾಷೆಯಲ್ಲೇ ಶುಭಸಂದೇಶವನ್ನು ಕೇಳಿ ಬೆರಗಾದದ್ದನ್ನು ನಾವು ಬಲ್ಲೆವು. ಸ್ವಂತ ಮಾತಿನಲ್ಲಿ ಕೇಳುವ ಸಂತೋಷ ಅಂಥದ್ದು.

ನಮಗೇನು ತೋರಿಸಬೇಕೆಂದು ನಿರ್ಧರಿಸುವವರು ಯಾರು?

ಪತ್ರಿಕೆಗೆ ಸಂಪಾದಕರಿರುತ್ತಾರೆ. ಹಾನಗಲ್ ತಾಲೂಕಿನ ಶೇಷಗಿರಿಯಂಥ ನಾಟಕದ ಊರಿನಲ್ಲಿ ರಂಗದ ಮುಂದೆ ಕೂತ ಜನರಿರುತ್ತಾರೆ. ನಟ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಮುಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಗಣಕಯಂತ್ರದ ಲೆಕ್ಕಾಚಾರವೇ ಮಾಡುತ್ತದೆ. ನಾವು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತೆವು, ಯಾವುದನ್ನು ಮೆಚ್ಚಿದೆವು, ಯಾವುದಕ್ಕೆ ಜಗಳವಾಡಿದೆವು ಎಂಬುದನ್ನೆಲ್ಲ ಅದು ಗುರುತಿಟ್ಟುಕೊಂಡು ಅಂಥದ್ದನ್ನೇ ಮತ್ತೆ ಮುಂದಿಡುತ್ತದೆ. ಏಕೆಂದರೆ ಈ ಕಂಪನಿಗಳ ಆದಾಯ ಮುಖ್ಯವಾಗಿ ಜಾಹೀರಾತಿನಿಂದ ಬರುತ್ತದೆ. ನಾವು ಹೆಚ್ಚು ಹೊತ್ತು ಅಲ್ಲಿದ್ದಷ್ಟೂ ಅವರಿಗೆ ಲಾಭ. ಸತ್ಯವೋ ಸುಳ್ಳೋ ಎನ್ನುವುದಕ್ಕಿಂತ ಜನ ನಿಂತು ನೋಡುತ್ತಾರೋ ಇಲ್ಲವೋ ಎನ್ನುವುದೇ ಆ ಲೆಕ್ಕಾಚಾರದ ಮುಖ್ಯ ಪ್ರಶ್ನೆ. ಭಯ, ಸಿಟ್ಟು, ಕುತೂಹಲಗಳು ನಮ್ಮ ಬೆರಳನ್ನು ಬೇಗ ನಿಲ್ಲಿಸುತ್ತವೆ. ಆದ್ದರಿಂದ ಅವೇ ಹೆಚ್ಚು ಕಾಣಿಸುತ್ತವೆ.

ವಾಟ್ಸಾಪಿನ ರೀತಿ ಬೇರೆ. ಅಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ಸಂದೇಶವನ್ನು 2016ರಿಂದೀಚೆಗೆ ಆ ಕಂಪನಿಯೂ ಓದಲಾಗದಂತೆ ಬೀಗ ಹಾಕಲಾಗಿದೆ. ಮನೆಯ ಗುಟ್ಟು ಮನೆಯಲ್ಲೇ ಉಳಿಯಲು ಇದು ಒಳ್ಳೆಯದು. ಆದರೆ ಇದರ ಅರ್ಥವೇನು? ಅಲ್ಲಿ ಸುಳ್ಳನ್ನು ತಡೆಯುವ ಸಂಪಾದಕರು ಬೇರಾರೂ ಇಲ್ಲ. ನಾವೇ ಸಂಪಾದಕರು, ನಾವೇ ಅಂಚೆಯವರು.

ಈ ವ್ಯವಸ್ಥೆ ನಮ್ಮ ಮಕ್ಕಳ ಸೃಜನಶೀಲತೆಯನ್ನೂ ತಿದ್ದುತ್ತದೆ. ಹಳ್ಳಿಯ ಹುಡುಗಿಯೊಬ್ಬಳು ಕಸೂತಿಯನ್ನೋ, ಕೀಬೋರ್ಡನ್ನೋ ವಿಡಿಯೋ ನೋಡಿ ಕಲಿಯಬಹುದು. ಇದು ನಿಜವಾದ ಕೊಡುಗೆ. ಆದರೆ ಅವಳೇ ವಿಡಿಯೋ ಮಾಡಲು ಹೊರಟಾಗ ಮೊದಲ ಕೆಲವು ಕ್ಷಣಗಳಲ್ಲೇ ನೋಡುಗರನ್ನು ಹಿಡಿಯಬೇಕೆಂಬ ಒತ್ತಡ ಬೀಳುತ್ತದೆ. ಎಲ್ಲರೂ ಹಾಕುವ ಹಾಡು, ಎಲ್ಲರೂ ಹಾಕುವ ಹೆಜ್ಜೆ. ಶರೀಫರ ಪದದ ಪಲ್ಲವಿಯನ್ನಷ್ಟೇ ಅರ್ಧ ನಿಮಿಷಕ್ಕೆ ಕತ್ತರಿಸಿ ಹಾಕಿದರೆ ಏನಾಗುತ್ತದೆ? ಅಂಕಿತ ಬರುವುದು ಕೊನೆಯ ನುಡಿಯಲ್ಲಿ. ತುಂಡು ಮಾಡಿದಾಗ ಮೊದಲು ಕಳೆದುಹೋಗುವುದು ಅದೇ. ಹಾಡು ಉಳಿಯುತ್ತದೆ, ಹಾಡಿದವರ ಹೆಸರು ಹೋಗುತ್ತದೆ. ಹಾಡು ಹೊರಟದ್ದು ಎಲ್ಲಿಗೆ ಎಂಬುದೂ ಹೋಗುತ್ತದೆ.

ಇನ್ನೊಂದು ಮಾತು. ಈ ವೇದಿಕೆಗಳು ನಮಗೆ ಬಾಡಿಗೆ ಮನೆಗಳಿದ್ದಂತೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ ಹಳ್ಳಿಹಳ್ಳಿಯ ಹಾಡುಗಾರರು, ನಟರು ಅಲ್ಲಿ ಗಳಿಸಿದ್ದ ನೋಡುಗರನ್ನು ಒಂದೇ ಸಲಕ್ಕೆ ಕಳೆದುಕೊಂಡರು. ಅಜ್ಜಿಯ ಸೋಬಾನೆ ಪದವನ್ನು ಯೂಟ್ಯೂಬಿಗೆ ಹಾಕುವುದು ಸಂತೋಷವೇ. ಅದರ ಒಂದು ಪ್ರತಿ ನಮ್ಮ ಮನೆಯಲ್ಲೂ ಇರಲಿ, ಮೊಮ್ಮಗಳ ಬಾಯಲ್ಲೂ ಇರಲಿ.

ಹೆಸರಿಲ್ಲದ ಸಂದೇಶದ ಬೆಲೆ

2018ರ ಜುಲೈ 13ರಂದು ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಜನರ ಗುಂಪು ಹೊಡೆದು ಕೊಂದಿತು. ಅವರು ಮತ್ತು ಅವರ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸಲಾಗದಂತೆ ಮಿತಿ ಹೇರಿತು. ಬಹಳ ಸಲ ಕೈಬದಲಾದ ಸಂದೇಶವನ್ನು 2020ರ ಏಪ್ರಿಲಿನಿಂದ ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಅದರ ಮೇಲೆ ಜೋಡಿ ಬಾಣದ ಗುರುತೂ ಇರುತ್ತದೆ.

ಬೀದರ್ ದೂರವಾಯಿತು ಎನ್ನುವಿರಾ? 2024ರ ಅಕ್ಟೋಬರ್ ಕೊನೆಯಲ್ಲಿ ವಕ್ಫ್ ದಾಖಲೆಗಳ ವಿಷಯ ರಾಜ್ಯವೆಲ್ಲ ಚರ್ಚೆಯಲ್ಲಿದ್ದಾಗ, ನಮ್ಮ ಸವಣೂರು ತಾಲೂಕಿನ ಕಡಕೋಳದಲ್ಲಿ ಜನರ ಆಸ್ತಿ ವಕ್ಫ್ ಪಾಲಾಗುತ್ತದೆಂಬ ವದಂತಿ ಹಬ್ಬಿ, ಮನೆಗಳ ಮೇಲೆ ಕಲ್ಲು ಬಿದ್ದವು. ಕೆಲವೇ ದಿನಗಳಲ್ಲಿ, ಇದೇ ಕಾರಣಕ್ಕೆ ಹಾವೇರಿ ಜಿಲ್ಲೆಯ ರೈತರೊಬ್ಬರು ಪ್ರಾಣ ಕಳೆದುಕೊಂಡರೆಂಬ ಸುದ್ದಿ ದೇಶವೆಲ್ಲ ಹರಿದಾಡಿತು. ಆ ಸಾವು ಸಂಭವಿಸಿದ್ದು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆಹಾನಿಯಿಂದ ಎಂದು ಜಿಲ್ಲೆಯ ಪೊಲೀಸರು ಸ್ಪಷ್ಟಪಡಿಸಿದರು.

ಭೂಮಿಯ ದಾಖಲೆಯ ಬಗ್ಗೆ ರೈತನಿಗೆ ಆತಂಕವಿದ್ದರೆ ಅದನ್ನು ಕೇಳುವ ಹಕ್ಕು ಅವನಿಗಿದೆ. ಉತ್ತರ ಕೊಡುವ ಹೊಣೆ ಸರ್ಕಾರಕ್ಕಿದೆ. ಆದರೆ ಒಂದು ಮನೆಯ ದುಃಖವನ್ನು ಎತ್ತಿಕೊಂಡು ಬೇರೆ ಕಾರಣದ ಹೆಸರಿನಲ್ಲಿ ಊರೂರಿಗೆ ಹಂಚಿದರೆ ಆ ಮನೆಯವರಿಗೂ ಅನ್ಯಾಯ, ನೆರೆಯವರಿಗೂ ಅನ್ಯಾಯ. ಶರೀಫರು ಮತ್ತು ಗೋವಿಂದ ಭಟ್ಟರು ನಡೆದಾಡಿದ ಸೀಮೆ ಇದು. ನಾವು ಇಲ್ಲಿ ಕೆಲವೇ ಕುಟುಂಬಗಳು. ನೆರೆಹೊರೆಯವರ ವಿಶ್ವಾಸದಲ್ಲೇ ಬಾಳುತ್ತಿದ್ದೇವೆ. ಇಂದು ಅವರ ಬಗ್ಗೆ ಹರಡಿದ ಸುಳ್ಳಿಗೆ ನಾವು ಅಂಚೆಯವರಾದರೆ, ನಾಳೆ ನಮ್ಮ ಬಗ್ಗೆ ಹರಡಿದಾಗ ಯಾರನ್ನು ಕೇಳೋಣ?

ನಮ್ಮ ಧರ್ಮಕೇಂದ್ರಗಳ ಗುಂಪುಗಳೂ ಇದಕ್ಕೆ ಹೊರತಲ್ಲ. ಯಾವ ಕಾಲದ್ದೋ ಗೊತ್ತಿಲ್ಲದ ರಕ್ತದಾನದ ಕರೆ, ಹತ್ತು ಜನರಿಗೆ ಕಳುಹಿಸದಿದ್ದರೆ ಕೆಡುಕಾಗುತ್ತದೆಂಬ 'ಪ್ರಾರ್ಥನೆ', ವಿಶ್ವಗುರುಗಳು ಹೇಳಿದರೆಂದು ಅವರು ಎಂದೂ ಹೇಳದ ಮಾತು ಅಲ್ಲಿಯೂ ಬರುತ್ತವೆ. ಈಗ ಕೃತಕ ಬುದ್ಧಿಮತ್ತೆಯಿಂದ ಅವರ ದನಿಯನ್ನೂ ಮುಖವನ್ನೂ ಹುಟ್ಟಿಸಬಹುದು. ಪರಿಶುದ್ಧವೆಂದು ಕಂಡದ್ದೆಲ್ಲ ಸತ್ಯವಲ್ಲ.

ಧರ್ಮಸಭೆಯ ದನಿ

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಬಗ್ಗೆ ತನ್ನ ಆದೇಶಪತ್ರವನ್ನು ಹೊರಡಿಸಿತು. 1967ರಿಂದ ಪ್ರತಿ ವರ್ಷ ಮಾಧ್ಯಮ ದಿನ ನಡೆಯುತ್ತಿದೆ. 2002ರಲ್ಲಿ ವಿಶ್ವಗುರು ಎರಡನೆಯ ಜಾನ್ ಪಾಲರು ಅಂತರ್ಜಾಲವನ್ನು ಶುಭಸಂದೇಶ ಸಾರುವ ಹೊಸ ಅಂಗಳವೆಂದು ಕರೆದರು. 2018ರಲ್ಲಿ ವಿಶ್ವಗುರು ಫ್ರಾನ್ಸಿಸರು ಸುಳ್ಳುಸುದ್ದಿಯ ಬೇರನ್ನು ಏದೆನ್ ತೋಟದ ಸರ್ಪದಲ್ಲಿ ಗುರುತಿಸಿದರು. ಸರ್ಪವು ದೇವರ ಮಾತನ್ನು ಪೂರ್ತಿ ಅಲ್ಲಗಳೆಯಲಿಲ್ಲ. ಅರ್ಧ ನಿಜವನ್ನು ತಿರುಚಿ ಸಂಶಯ ಬಿತ್ತಿತು. ಇಂದಿನ ವದಂತಿಯ ರೀತಿಯೂ ಅದೇ ಅಲ್ಲವೇ?

2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೊ ಅಕುಟಿಸ್ ನಮ್ಮ ಮಕ್ಕಳಿಗೆ ಒಳ್ಳೆಯ ಗೆಳೆಯ. 2006ರಲ್ಲಿ ಹದಿನೈದನೆಯ ವಯಸ್ಸಿಗೇ ತೀರಿಕೊಂಡ ಆ ಹುಡುಗ ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ಕೂಡಿಸಿ ಅಂತರ್ಜಾಲದಲ್ಲಿ ಪ್ರಕಟಿಸಿದ. ವಿಡಿಯೋ ಆಟಗಳೆಂದರೆ ಅವನಿಗೂ ಇಷ್ಟವೇ. ಆದರೂ ಅದಕ್ಕೆ ತಾನೇ ಮಿತಿ ಹಾಕಿಕೊಂಡಿದ್ದ.

ಮನೆಯಲ್ಲಿ ನಾವೇನು ಮಾಡಬಹುದು?

ಮೊದಲನೆಯದಾಗಿ, ಜೋಡಿ ಬಾಣದ ಸಂದೇಶ ಬಂದಾಗ ಬೆರಳನ್ನು ತಡೆಯೋಣ. ಇದನ್ನು ಬರೆದವರು ಯಾರು? ಯಾವ ದಿನದ್ದು? ಯಾವ ಊರಿನದ್ದು? ಎಂದು ಕೇಳೋಣ. ಉತ್ತರವಿಲ್ಲದಿದ್ದರೆ ಅದು ನಮ್ಮಲ್ಲೇ ನಿಲ್ಲಲಿ.

ಎರಡನೆಯದಾಗಿ, ನಾವು ಕಳುಹಿಸುವ ಮಾತಿಗೆ ನಮ್ಮ ಅಂಕಿತ ಹಾಕೋಣ. "ಇದನ್ನು ನಾನು ವಿಚಾರಿಸಿದ್ದೇನೆ" ಎಂದು ಹೆಸರು ಹಾಕಿ ಹೇಳಲಾಗದ ಮಾತನ್ನು ಕಳುಹಿಸುವುದೇ ಬೇಡ. ತಪ್ಪು ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ತಪ್ಪಾಯಿತೆಂದು ಹೇಳೋಣ. ಮಕ್ಕಳು ನೋಡುತ್ತಿರುತ್ತಾರೆ, ಅದೇ ಅವರಿಗೆ ಧರ್ಮೋಪದೇಶ.

ಮೂರನೆಯದಾಗಿ, ಮಕ್ಕಳು ಬೇರೆಯವರ ಹಾಡು, ಚಿತ್ರ, ಪದ್ಯ ಬಳಸಿದಾಗ ಅವರ ಹೆಸರು ಬರೆಯಲು ಕಲಿಸೋಣ. ಪರದೆಯ ಮೇಲೆ ಹತ್ತು ತುಣುಕು ನೋಡಿದ ದಿನ ಒಂದು ಹಾಡನ್ನಾದರೂ ಕೊನೆಯ ನುಡಿಯವರೆಗೆ ಒಟ್ಟಿಗೆ ಹಾಡೋಣ.

ನಾಲ್ಕನೆಯದಾಗಿ, ರಾತ್ರಿ ಊಟ ಮತ್ತು ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮೊಬೈಲುಗಳೂ ಒಂದೇ ಕಡೆ ಇರಲಿ. ಅಪ್ಪ ಅಮ್ಮನ ಮೊಬೈಲು ಮೊದಲು.

ನಾಲಿಗೆ ಚಿಕ್ಕದಾದರೂ ದೊಡ್ಡ ಕಾಡಿಗೆ ಬೆಂಕಿ ಹಚ್ಚಬಲ್ಲದೆಂದು ಸಂತ ಯಕೋಬರು ಎಚ್ಚರಿಸಿದ್ದಾರೆ. ಇಂದು ಆ ಕೆಲಸವನ್ನು ಹೆಬ್ಬೆರಳೂ ಮಾಡಬಲ್ಲದು. ಒಲೆ ಹೊತ್ತಿಸುವುದೂ ಅದೇ ಬೆಂಕಿಯೇ ಎಂಬುದನ್ನು ಮರೆಯದಿರೋಣ. ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಮೊಬೈಲನ್ನು ಐದು ನಿಮಿಷ ಕಿಸೆಯಲ್ಲೇ ಬಿಟ್ಟು, ಪಕ್ಕದ ಊರಿನವರು ಬಸ್ಸು ಹತ್ತುವ ಮೊದಲು ಕೇಳೋಣ: "ನಿಮ್ಮ ಕಡಿ ಮಳಿ ಆತೇನ್ರಿ?"