ಕೂಸಿನ ಗೊರಗೊರ ಮತ್ತು ಆಂಟಿಬಯೋಟಿಕ್

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮಕ್ಕನ ಐದು ತಿಂಗಳ ಕೂಸಿಗೆ ನೆಗಡಿಯಾಗಿ, ಎರಡೇ ದಿನದಲ್ಲಿ ಎದೆ ಗೊರಗೊರ ಎನ್ನತೊಡಗಿತು. ಹಾಲು ಬಿಟ್ಟಿತು. ಡಾಕ್ಟರರು ಆಸ್ಪತ್ರೆಗೆ ಸೇರಿಸಿಕೊಂಡು ಆಮ್ಲಜನಕ ಕೊಟ್ಟರು. ಆಂಟಿಬಯೋಟಿಕ್ ಮಾತ್ರ ಬರೆಯಲಿಲ್ಲ.

“ನೀನು ಸೈನ್ಸ್ ಓದೋನು, ಒಂದು ಮಾತು ಕೇಳಬಾರದೇನೋ?” ಎಂದು ಅಕ್ಕ ರೇಗಿದಳು. ಕೇಳಿದೆ, ಓದಿಯೂ ನೋಡಿದೆ.

ಈ ಕಾಯಿಲೆ ಬ್ರಾಂಕಿಯೋಲೈಟಿಸ್. ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್ಸು ಶ್ವಾಸಕೋಶದ ಸಣ್ಣ ಕೊಳವೆಗಳನ್ನು ಊದಿಸಿ ಲೋಳೆ ತುಂಬಿಸುತ್ತದೆ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಬ್ಯಾಕ್ಟೀರಿಯಾವೂ ಸೇರಿಕೊಂಡರೆ ಮಾತು ಬೇರೆ. ಅದನ್ನು ಡಾಕ್ಟರರೇ ಹೇಳಬೇಕು.

ಹೀಗೆ ನರಳಿದ ಕೂಸುಗಳಲ್ಲಿ ಹಲವಕ್ಕೆ ಮುಂದೆ ಪದೇ ಪದೇ ಉಬ್ಬಸ ಬರುತ್ತದೆ. ಅಜಿಥ್ರೋಮೈಸಿನ್‌ಗೆ ಊತ ಇಳಿಸುವ ಗುಣವೂ ಇರುವುದರಿಂದ ಉಬ್ಬಸವನ್ನು ತಡೆದೀತೆಂಬ ಆಸೆ ಹುಟ್ಟಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 40 ಕೂಸುಗಳ ಮೇಲೆ ನಡೆದ ಮೊದಲ ಪರೀಕ್ಷೆಯಲ್ಲಿ ಗುಣ ಕಂಡಿತು. ಆಮೇಲೆ 200 ಕೂಸುಗಳನ್ನು ತೆಗೆದುಕೊಂಡರು. ಅರ್ಧಕ್ಕೆ 14 ದಿನ ಔಷಧ, ಉಳಿದರ್ಧಕ್ಕೆ ಔಷಧವಿಲ್ಲದ ಸೋಗಿನ ಡೋಸು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಮತ್ತೆ ಮತ್ತೆ ಉಬ್ಬಸ ಬಂದದ್ದು ಔಷಧ ಕುಡಿದವರಲ್ಲಿ ನೂರಕ್ಕೆ 47, ಕುಡಿಯದವರಲ್ಲಿ 36. ಈ ಅಂತರ ಆಕಸ್ಮಿಕವಿದ್ದೀತು. ಆದರೆ ಔಷಧ ಉಬ್ಬಸವನ್ನು ತಡೆಯಲಿಲ್ಲ ಎಂಬುದಂತೂ ಸ್ಪಷ್ಟ. 40ರಲ್ಲಿ ಕಂಡದ್ದು 200ರಲ್ಲಿ ನಿಲ್ಲಲಿಲ್ಲ.

ಎಲ್ಲ ಕೇಳಿ ಅಕ್ಕ, “ಹಾಗಾದ್ರೆ ಸುಮ್ನೆ ಕಾಯೋದೇ ಔಷಧಾನಾ?” ಎಂದಳು. ಸುಮ್ಮನೆ ಅಲ್ಲ, ಉಸಿರು ನೋಡುತ್ತಾ, ಮೂಗು ಬಿಡಿಸುತ್ತಾ, ಹಾಲು ಕುಡಿಸುತ್ತಾ ಕಾಯುವುದು. ಆರನೆಯ ದಿನ ಕೂಸು ತಾನಾಗಿ ಹಾಲಿಗೆ ಅತ್ತಿತು. ಆ ಅಳು ಕೇಳಿ ನಾವೆಲ್ಲ ನಕ್ಕೆವು.